ಹಲ್ಲು ಕೀಳಿಸಿದ ಮೇಲೆ ಮನೆಯಲ್ಲಿ ಎಷ್ಟು ದಿನ ವಿಶ್ರಾಂತಿ ಬೇಕು? ಏನು ಮಾಡಬಾರದು?

ಸಾಮಾನ್ಯ ಹಲ್ಲಾದರೆ ಒಂದೆರಡು ದಿನ ಸಾಕು. ದವಡೆಯೊಳಗೆ ಹೂತಿದ್ದ ಬುದ್ಧಿಹಲ್ಲಾದರೆ ಇನ್ನೂ ಕೆಲವು ದಿನ ಬೇಕಾಗಬಹುದು. ವಿಶ್ರಾಂತಿ ಅಂದರೆ ಇಡೀ ದಿನ ಮಲಗಿರಬೇಕು ಅಂತಲ್ಲ. ಭಾರ ಎತ್ತಬೇಡಿ, ವ್ಯಾಯಾಮ ಬೇಡ, ಮಲಗುವಾಗ ತಲೆ ಸ್ವಲ್ಪ ಎತ್ತರದಲ್ಲಿರಲಿ.

ನಿಜವಾಗಿ ಕಾಪಾಡಬೇಕಾದದ್ದು ಹಲ್ಲಿದ್ದ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವನ್ನು. ಕೆಳಗಿನ ಮೂಳೆಗೂ ನರಕ್ಕೂ ಅದೇ ಮುಚ್ಚಳ. ಅದು ಕಿತ್ತುಬಂದರೆ 'ಡ್ರೈ ಸಾಕೆಟ್' ಆಗಿ, ಕಿವಿಯವರೆಗೂ ಹರಡುವ ನೋವು ಶುರುವಾಗುತ್ತದೆ. ಅದಕ್ಕೇ ಮೊದಲ 24 ಗಂಟೆ ಬಾಯಿ ಮುಕ್ಕಳಿಸಬೇಡಿ, ಜೋರಾಗಿ ಉಗುಳಬೇಡಿ, ಸ್ಟ್ರಾ ಹಾಕಿ ಕುಡಿಯಬೇಡಿ. ಸಿಗರೇಟು ಅಂತೂ ಗಾಯ ಮಾಯುವವರೆಗೂ ಬೇಡವೇ ಬೇಡ. ನಾಲಿಗೆ ಸುಮ್ನೆ ಅಲ್ಲಿಗೇ ಹೋಗುತ್ತೆ, ತಡೆಯಿರಿ!

ಎಂಜಲಿನಲ್ಲಿ ತುಸು ಕೆಂಪು ಕಂಡರೆ ಗಾಬರಿ ಬೇಡ. ರಕ್ತ ಜಾಸ್ತಿ ಬಂದರೆ ಒದ್ದೆ ಮಾಡಿದ ಗಾಜ್ ಬಟ್ಟೆಯನ್ನು (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ಗುಳಿಯ ಮೇಲಿಟ್ಟು ಅರ್ಧ ಗಂಟೆ ಬಿಗಿಯಾಗಿ ಕಚ್ಚಿ ಹಿಡಿಯಿರಿ. ನಡುನಡುವೆ ತೆಗೆದು ನೋಡಬೇಡಿ.

ಊತ ಎರಡು-ಮೂರನೇ ದಿನ ಹೆಚ್ಚಿ ಆಮೇಲೆ ಇಳಿಯುತ್ತದೆ. ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸನ್ನು ಕೆನ್ನೆಯ ಮೇಲೆ 15-20 ನಿಮಿಷ ಇಟ್ಟು ತೆಗೆಯುತ್ತಿರಿ. ಮಾರನೇ ದಿನದಿಂದ ಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ಮೆಲ್ಲಗೆ ಆಡಿಸಿ. ಊಟ ಮೆತ್ತಗಿರಲಿ, ಬಿಸಿ ಬೇಡ. ಮಾತ್ರೆ ಡಾಕ್ಟರ್ ಬರೆದದ್ದು ಮಾತ್ರ. ನೋವಿಗೆ ಅಂತ ನೀವೇ ಆಸ್ಪಿರಿನ್ ನುಂಗಿದರೆ ರಕ್ತ ಜಾಸ್ತಿ ಹೋಗಬಹುದು.

ಮೂರನೇ ದಿನದ ಮೇಲೆ ನೋವು ಇಳಿಯುವ ಬದಲು ಏರಿದರೆ, ಜ್ವರ ಅಥವಾ ಕೀವು ಬಂದರೆ ಡೆಂಟಿಸ್ಟ್ ಹತ್ತಿರ ಹೋಗಿ. ನುಂಗಲು, ಉಸಿರಾಡಲು ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ.