ಹೆರಿಗೆ ಮನೆಯಲ್ಲಿ ನಗಬಾರದೇ?

ಶಿವಮೊಗ್ಗದ ಓದುಗರೊಬ್ಬರ ಪತ್ರ: "'ದಿ ನ್ಯೂ ನಾರ್ಮಲ್' ಎಂಬ ಅಮೆರಿಕದ ಹಾಸ್ಯ ಧಾರಾವಾಹಿ ನೋಡಿದೆ. ಬಾಡಿಗೆ ತಾಯಿಯ ಕಥೆ. ಒಂದೇ ಸೀಸನ್‌ಗೆ ನಿಂತುಹೋಯಿತಂತೆ, ಒಳ್ಳೆಯದೇ ಆಯಿತು. ಬಸಿರು, ಹೆರಿಗೆ, ಮುರಿದ ಸಂಬಂಧ ಇವೆಲ್ಲ ನಗುವ ವಿಷಯವೇ?"

ಉತ್ತರ: ಮೇಡಂ, ಮಗುವಿಗಾಗಿ ವರ್ಷಗಟ್ಟಲೆ ಕಾದವರ ನೋವನ್ನು ಹಗುರ ಮಾಡಬಾರದು ಅನ್ನುತ್ತೀರಿ. ಒಪ್ಪಿದೆ. ಆದರೆ ನಕ್ಕ ಮಾತ್ರಕ್ಕೆ ನೋವು ಹಗುರವಾಗಿ ಕಂಡಿತು ಅಂತ ಅಲ್ಲ, ಅಲ್ವಾ?

ನಮ್ಮ ಮನೆಯದೇ ಹೇಳುತ್ತೇನೆ. ಅಮ್ಮ, ದೊಡ್ಡಮ್ಮ ಒಂದು ಜೊತೆ ಬಳೆಯ ವಿಷಯಕ್ಕೆ ಒಂಬತ್ತು ವರ್ಷ ಮಾತು ಬಿಟ್ಟಿದ್ದರು. ನಮ್ಮಕ್ಕನ ಬಾಣಂತನಕ್ಕೆ ದೊಡ್ಡಮ್ಮ ಅಂಟಿನುಂಡೆ ಡಬ್ಬಿ ಹಿಡಿದು ಬಂದರು. ಹೊಸಿಲಲ್ಲೇ ನಿಂತು, "ನಿನಗಲ್ಲ, ಬಾಣಂತಿಗೆ" ಅಂದರು. ಅಮ್ಮ ಒಂದು ಉಂಡೆ ಬಾಯಿಗೆ ಹಾಕಿಕೊಂಡು, "ಬೆಲ್ಲ ಕಮ್ಮಿ" ಅಂದರು. ಇಬ್ಬರೂ ನಕ್ಕುಬಿಟ್ಟರು. ಬಳೆಯ ಮಾತು ಮತ್ತೆ ಬರಲಿಲ್ಲ.

ನೀವು ನೋಡಿದ ಧಾರಾವಾಹಿ 2012ರಲ್ಲಿ ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ಶುರುವಾಗಿ 22 ಕಂತಿಗೆ ಮುಗಿಯಿತು. ಸಾಲ್ಟ್ ಲೇಕ್ ಸಿಟಿಯ ಎನ್‌ಬಿಸಿ ಕೇಂದ್ರವಂತೂ ಅದನ್ನು ಹಾಕುವುದೇ ಇಲ್ಲ ಅಂದಿತ್ತು. ಬೇಗ ನಿಂತಿತು ಅಂದಮಾತ್ರಕ್ಕೆ ವಿಷಯವೇ ತಪ್ಪು ಅನ್ನಬೇಡಿ. ಇದೇ ಎನ್‌ಬಿಸಿ 1982ರಲ್ಲಿ 'ಚಿಯರ್ಸ್' ಎಂಬ ಹಾಸ್ಯ ಧಾರಾವಾಹಿ ಶುರುಮಾಡಿದಾಗ ನೋಡುವವರೇ ಕಡಿಮೆ. ರೇಟಿಂಗ್ ಪಟ್ಟಿಯ ತಳದಲ್ಲಿತ್ತು. ಚಾನೆಲ್‌ನವರು ಕಾದರು. 11 ಸೀಸನ್ ಓಡಿತು. ಆ ತಾಳ್ಮೆ ಈಗ ಯಾರಿಗೂ ಇಲ್ಲ ಅನ್ನುವುದೇ ನನ್ನ ಸಂಕಟ.

ಅಮೆರಿಕದ್ದೇ ಇನ್ನೊಂದು ಹಾಸ್ಯ ಧಾರಾವಾಹಿ 'ಫ್ರೆಂಡ್ಸ್' ನೆನಪಿಸಿಕೊಳ್ಳಿ. ಅದರಲ್ಲಿ ಬರುವ ಫೀಬಿ ಎಂಬ ಹುಡುಗಿಗೆ ಅವಳಿ ಸೋದರಿ ಅರ್ಸುಲಾ ಇದ್ದಾಳೆ. ಇಬ್ಬರಿಗೂ ಆಗಿಬರುವುದಿಲ್ಲ. ತಮ್ಮನೊಬ್ಬ ಇದ್ದಾನೆ ಅಂತ ಗೊತ್ತಾಗುವುದೇ ದೊಡ್ಡವಳಾದ ಮೇಲೆ. ಅಂಥ ಚೆಲ್ಲಾಪಿಲ್ಲಿ ಮನೆಯ ಹುಡುಗಿ ಆ ತಮ್ಮನ, ಅವನ ಹೆಂಡತಿಯ ಮಕ್ಕಳನ್ನು ತನ್ನ ಹೊಟ್ಟೆಯಲ್ಲಿ ಹೊರುತ್ತಾಳೆ. ಫೀಬಿಯಾಗಿ ನಟಿಸಿದ ಲೀಸಾ ಕುಡ್ರೋ ಆಗ ನಿಜಕ್ಕೂ ಬಸುರಿ.

ಫೀಬಿ ಯಾವ ಬಾಡಿಗೆ ತಗೊಂಡಳು ಹೇಳಿ? ನನಗೆ ಈ ಪದದ ಮೇಲೇ ಕೋಪ. ನಮ್ಮ ದೇಶದ 2021ರ ಕಾಯ್ದೆ ಪ್ರಕಾರ ವೈದ್ಯಕೀಯ ಖರ್ಚು, ವಿಮೆಯಂಥವು ಬಿಟ್ಟು ಹೊತ್ತವಳಿಗೆ ದುಡ್ಡು ಕೊಡುವಂತಿಲ್ಲ. ಆದರೂ ಪತ್ರಿಕೆಗಳು "ಬಾಡಿಗೆ ತಾಯಿ" ಅಂತಲೇ ಬರೆಯುತ್ತವೆ. ನೀವೂ ಬರೆದಿದ್ದೀರಿ. ಮನೆಗೆ, ಸೈಕಲ್‌ಗೆ ಹೇಳುವ ಮಾತು ಅದು. "ಹೊತ್ತ ತಾಯಿ" ಅನ್ನೋಣ. ಏನು ಕಷ್ಟ?

ಇನ್ನು ನಮ್ಮ ಟೀವಿ. ಸಂಜೆಯಾದರೆ ಅಕ್ಕ ತಂಗಿಗೆ ಸಂಚು ಮಾಡುತ್ತಾಳೆ, ತಂಗಿ ಅಳುತ್ತಾಳೆ. ವರ್ಷಗಟ್ಟಲೆ ಇದೇ. ಮುನಿಸಿಕೊಂಡವರು ಅರ್ಧ ಗಂಟೆಯಲ್ಲಿ ನಕ್ಕು ಹತ್ತಿರವಾಗುವ ಕಥೆಗೆ ಮಾತ್ರ ಜಾಗವಿಲ್ಲ. ನಿಮ್ಮಂಥ ಸೂಕ್ಷ್ಮ ಓದುಗರು ಸಿಟ್ಟಾಗಬೇಕಾದದ್ದು ಇದಕ್ಕೆ.

ಬಿಡುವಾದಾಗ 'ಫ್ರೆಂಡ್ಸ್' 100ನೇ ಕಂತು ನೋಡಿ. 1998ರದು. ತ್ರಿವಳಿ ಮಕ್ಕಳು ಹುಟ್ಟಿದ ಮೇಲೆ ಫೀಬಿ ಎಲ್ಲರನ್ನೂ ಆಚೆ ಕಳಿಸಿ ಅವರ ಜೊತೆ ಒಬ್ಬಳೇ ಮಾತಾಡುತ್ತಾಳೆ. ನಿಮ್ಮ ಚಿಕ್ಕಮ್ಮನ ಹತ್ತಿರ ಈಜುಕೊಳ ಇದೆ, ಗೊತ್ತು, ಆದರೆ ನೀವು ವಾಸ ಮಾಡಿದ್ದು ನನ್ನೊಳಗೆ ಅನ್ನುತ್ತಾಳೆ. ಅಲ್ಲಿ ನಿಮಗೆ ನಗು ಬರುತ್ತದೋ ಅಳು ಬರುತ್ತದೋ, ನನಗೆ ಬರೆದು ತಿಳಿಸಿ.