ಅಳುತ್ತಲೇ ನಿಂತವಳು

ತಾಯಿ ತೀರಿಕೊಂಡ ಮೇಲೆ ಪ್ರಾರ್ಥನೆಗೆ ಕುಳಿತರೆ ಅಳು ಮಾತ್ರ ಬರುತ್ತದೆ, ಪುನರುತ್ಥಾನವನ್ನು, ಅಂದರೆ ಸತ್ತವರು ಮತ್ತೆ ಜೀವಂತವಾಗಿ ಏಳುವುದನ್ನು, ನಂಬುವವರು ಹೀಗೆ ಅಳಬಹುದೇ ಎಂದು ಕೇಳಿದ್ದೀರಿ. ಖಂಡಿತ ಅಳಬಹುದು.

ಬೈಬಲಿನ ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಪೇತ್ರನೂ ಇನ್ನೊಬ್ಬ ಶಿಷ್ಯನೂ ಯೇಸುವಿನ ಖಾಲಿ ಸಮಾಧಿಯೊಳಗೆ ಬಿದ್ದಿದ್ದ ನಾರುಬಟ್ಟೆಗಳನ್ನೂ, ಬೇರೆಯಾಗಿ ಸುತ್ತಿಟ್ಟಿದ್ದ ತಲೆಯ ವಸ್ತ್ರವನ್ನೂ ನೋಡಿ ಮನೆಗೆ ಹಿಂತಿರುಗಿದರು. ಯೇಸುವನ್ನು ಹಿಂಬಾಲಿಸುತ್ತಿದ್ದ ಮಗ್ದಲದ ಮರಿಯಳು ಮಾತ್ರ ಅಳುತ್ತಾ ಅಲ್ಲೇ ನಿಂತಳು. ಯೇಸು ಎದುರಿಗೇ ಇದ್ದರೂ ತೋಟಗಾರನೆಂದುಕೊಂಡಳು. ಆತನು ಗದರಲಿಲ್ಲ, ನಂಬಿಕೆಯ ಪಾಠವನ್ನೂ ಹೇಳಲಿಲ್ಲ. ಯಾಕೆ ಅಳುತ್ತೀ ಎಂದು ಕೇಳಿದನು, ಆಮೇಲೆ ‘ಮರಿಯಳೇ’ ಎಂದು ಕರೆದನು. ಅವಳು ತಿರುಗಿ ‘ರಬ್ಬೂನಿ’, ಅಂದರೆ ‘ಗುರುವೇ’, ಎಂದಳು. ಕುರುಬನು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ ಎಂಬ 10ನೆಯ ಅಧ್ಯಾಯದ ಮಾತು ಇಲ್ಲಿಗೆ ಬಂದಾಗಲೆಲ್ಲ ನನಗೆ ನೆನಪಾಗುತ್ತದೆ.

ಆದರೆ ಆತನು ಅವಳನ್ನು ತೋಟದಲ್ಲೇ ಉಳಿಸಿಕೊಳ್ಳಲಿಲ್ಲ. ಸಹೋದರರ, ಅಂದರೆ ತನ್ನ ಶಿಷ್ಯರ, ಬಳಿಗೆ ಕಳುಹಿಸಿದನು. ನನ್ನ ತಂದೆ ತೀರಿಕೊಂಡ ವರ್ಷ ಬೆಳಿಗ್ಗೆ ಈ 20ನೆಯ ಅಧ್ಯಾಯದ 11ರಿಂದ 18ರವರೆಗಿನ ವಚನಗಳನ್ನು ಓದಿ, ದುಃಖದಲ್ಲಿರುವ ಯಾರಾದರೊಬ್ಬರಿಗೆ ಫೋನ್ ಮಾಡುತ್ತಿದ್ದೆ. ಮೊದಲು ಅವರ ಹೆಸರು ಹಿಡಿದು ಕರೆಯುತ್ತಿದ್ದೆ. ಎಷ್ಟೋ ದಿನ ಎರಡೂ ಕಡೆ ಅಳುವೇ ಇರುತ್ತಿತ್ತು.