ಕಾವಿಗೆ ದಿಕ್ಕಿಲ್ಲ

ಸಂಡೂರಿನ ಗೆಳೆಯರೇ,

ಪ್ರೋಟಾನು ನ್ಯೂಟ್ರಾನುಗಳ ಒಳಗಿನ ಕಣಗಳಾದ ಕ್ವಾರ್ಕ್‌ಗಳ ಮೇಲೆ ಶಾಖ ಮತ್ತು ಕಾಂತಕ್ಷೇತ್ರ ಏನು ಮಾಡುತ್ತವೆ ಎಂಬ ನಿಮ್ಮ ಹನ್ನೊಂದು ಪುಟದ ಲೇಖನ ತಲುಪಿ ಹದಿನೈದು ದಿನವಾಯಿತು. ಎರಡು ಸಲ ಓದಿದೆ. ಎರಡನೇ ಸಲ ಮಧ್ಯಾಹ್ನ ಕರೆಂಟ್ ಹೋಗಿತ್ತು, ಓದಿ ಮುಗಿಸಿದ ಹಾಳೆಯಿಂದಲೇ ಗಾಳಿ ಬೀಸಿಕೊಂಡೆ. ಈಗಿರುವ ಹಾಗೆ ಅಚ್ಚು ಹಾಕಲಾಗದು. ವಿಷಯ ಗೊತ್ತಿಲ್ಲದವರಿಗೆ ನಾನು ಬರೆಯುವುದು ಎರಡೇ ಸಾಲು. ನಿಮಗೆ ಗೊತ್ತಿದೆ, ಅದಕ್ಕೇ ಇಷ್ಟುದ್ದ.

ಮೊದಲ ಎರಡು ಪುಟ ಹೊಡೆದು ಹಾಕಿದ್ದೇನೆ. ಮಹಾಸ್ಫೋಟ, ಕಣಾದ ಮುನಿ, ಆಮೇಲೆ ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಜೋಕು. ಆ ಜೋಕು ನನ್ನ ಮೇಜಿಗೆ ಬಾರದ ತಿಂಗಳಿಲ್ಲ.

'ಕೋಟ್ಯನುಕೋಟಿ ಡಿಗ್ರಿ' ಎಂದಿದ್ದೀರಿ. ಎಷ್ಟು ಕೋಟಿ? ಪ್ರೋಟಾನು ನ್ಯೂಟ್ರಾನುಗಳು ಬಿಚ್ಚಿಕೊಳ್ಳುವ ಉಷ್ಣತೆ ಸುಮಾರು 1.8 ಲಕ್ಷ ಕೋಟಿ ಕೆಲ್ವಿನ್. ಸೂರ್ಯನ ಒಡಲು 1.5 ಕೋಟಿ. ಈ ಎರಡು ಅಂಕಿ ಅಕ್ಕಪಕ್ಕ ಇಟ್ಟರೆ ಓದುವವನೇ ಬಾಯಿ ತೆರೆಯುತ್ತಾನೆ.

ತೋರಣಗಲ್ಲಿನ ಉಕ್ಕಿನ ಕುಲುಮೆಯ ಹೋಲಿಕೆ ಮಾತ್ರ ತಪ್ಪೇ. ಕರಗುವುದು ಕ್ವಾರ್ಕ್ ಅಲ್ಲ, ಕ್ವಾರ್ಕ್‌ಗಳು ಸೇರಿ ಕಟ್ಟಿಕೊಂಡ ಗೂಡು. ಅದೂ ಕಬ್ಬಿಣ 1538 ಡಿಗ್ರಿಗೆ ಕರಗುವಂತೆ ಒಂದು ಗೆರೆ ದಾಟಿ ಅಲ್ಲ. ಏಪ್ರಿಲ್‌ನಲ್ಲಿ ಅಡುಗೆ ಕಟ್ಟೆಯ ಮೇಲೆ ಬೆಣ್ಣೆ ಇಟ್ಟು ನೋಡಿ, ಯಾವ ಗಳಿಗೆಯಲ್ಲಿ ಮೆತ್ತಗಾಯಿತೆಂದು ಹೇಳಲು ಬರುವುದಿಲ್ಲ. 2006ರಲ್ಲಿ ಕಂಪ್ಯೂಟರ್ ಲೆಕ್ಕಗಳು ತೋರಿಸಿದ್ದು ಇಂಥದ್ದೇ ನುಣುಪಾದ ಬದಲಾವಣೆಯನ್ನು.

ಕ್ವಾರ್ಕನ್ನು ಕಟ್ಟಿಹಿಡಿದ ಬಲಕ್ಕೆ ಆರನೇ ಪುಟದಲ್ಲಿ ಕೊಟ್ಟ ಹಗ್ಗದ ಹೋಲಿಕೆ ಚೆನ್ನಾಗಿದೆ. ಎರಡು ಕ್ವಾರ್ಕ್‌ಗಳನ್ನು ದೂರ ಸರಿಸಿದರೂ ಎಳೆತ ಸಡಿಲವಾಗದು, ಇನ್ನೂ ಜಗ್ಗಿದರೆ ಹಗ್ಗ ಹರಿದು ತುಂಡಾದ ತುದಿಗಳಲ್ಲಿ ಹೊಸ ಜೋಡಿ ಹುಟ್ಟುತ್ತದೆ. ಸರಿ. ಆದರೆ 'ಅಗಾಧ ಬಲ' ಎಂದು ಕೈತೊಳೆದುಕೊಂಡಿರಿ. ಆ ಎಳೆತ ಸುಮಾರು 16 ಟನ್ ಭಾರಕ್ಕೆ ಸಮ. ನಿಮ್ಮ ಮನೆ ಮುಂದೆ ದಿನವೂ ಹಾಯುವ ಹತ್ತು ಗಾಲಿಯ ಅದಿರು ಲಾರಿಯ ಲೋಡು ಹೆಚ್ಚುಕಡಿಮೆ ಅಷ್ಟೇ, ಕಣ್ಣಿಗೆ ಕಾಣದ ಎರಡು ಕಣಗಳ ನಡುವೆ! ಅದನ್ನು ಬಿಟ್ಟು ಹನುಮಂತ ಸಂಜೀವಿನಿ ಎತ್ತಿದ್ದಕ್ಕೆ ಯಾಕೆ ಹೋದಿರಿ?

ಶಾಖ ಈ ಹಗ್ಗಕ್ಕೆ ಏನು ಮಾಡುತ್ತದೆ ಎಂಬಲ್ಲಿ ನೀವು ತಡವರಿಸಿದ್ದೀರಿ. ಬಳ್ಳಾರಿ ಕನಕದುರ್ಗಮ್ಮನ ಸಿಡಿಬಂಡಿ ಜಾತ್ರೆಯ ದಿನ ಗುಡಿ ಮುಂದೆ ನಿಂತು ಜೊತೆಗಾರನನ್ನು ಕೂಗಿ ನೋಡಿ. ನಾಲ್ಕು ಮಾರು ದಾಟಿದರೆ ದನಿ ಮುಟ್ಟದು. ನಿಮ್ಮ ಗಂಟಲು ಸೋತಿಲ್ಲ, ನಡುವಿನ ಜನ ಮರೆಮಾಡಿದ್ದಾರೆ. ಗೂಡು ಕರಗಿ ಆದ ಬಿಸಿ ಸಾರಿನಲ್ಲಿ ಬಿಡಿ ಕ್ವಾರ್ಕ್, ಅವನ್ನು ಅಂಟಿಸಿ ಹಿಡಿಯುವ ಗ್ಲುಆನ್‌ಗಳ ಜಂಗುಳಿ ಹೀಗೇ ಜೋಡಿಯ ನಡುವೆ ಬರುತ್ತದೆ. ಚಾರ್ಮ್ ಎಂಬ ಬಗೆಯ ಕ್ವಾರ್ಕ್ ಮತ್ತು ಅದರ ಪ್ರತಿಕಣ ಕೂಡಿದ ಜೆ-ಸೈ ಕಣ ಆ ಸಾರಿನಲ್ಲಿ ಕಡಿಮೆಯಾಗಬೇಕೆಂದು ಭೌತವಿಜ್ಞಾನಿಗಳಾದ ಮತ್ಸುಯಿ ಮತ್ತು ಸಾಟ್ಜ್ 1986ರಲ್ಲೇ ಹೇಳಿದ್ದು ಈ ಮರೆಯ ಲೆಕ್ಕದಿಂದ.

ಕಾಂತಕ್ಷೇತ್ರ ಬಂದ ಮೇಲೆ ನಿಮ್ಮ ಲೇಖನ ಎತ್ತು ಏರಿಗೆ, ಕೋಣ ನೀರಿಗೆ. ಕ್ಷೇತ್ರ ಗ್ಲುಆನ್‌ಗಳನ್ನು 'ಸೆಳೆಯುತ್ತದೆ' ಎಂದಿದ್ದೀರಿ. ಗ್ಲುಆನ್‌ಗೆ ವಿದ್ಯುದಾವೇಶವೇ ಇಲ್ಲ. ಆವೇಶ ಇರುವುದು ಕ್ವಾರ್ಕ್‌ಗೆ, ಒಂದು ಬಗೆಗೆ ಪ್ರೋಟಾನಿನದರ ಮೂರನೇ ಎರಡು, ಇನ್ನೊಂದಕ್ಕೆ ಋಣ ಮೂರನೇ ಒಂದು. ಕ್ಷೇತ್ರ ಮುಟ್ಟುವುದು ಕ್ವಾರ್ಕನ್ನು, ಅದರ ಮೂಲಕ ಪರಿಣಾಮ ತಟ್ಟುವುದು ಗ್ಲುಆನ್‌ಗೆ. ಮಗಳಿಗೆ ಬೈದು ಸೊಸೆಗೆ ಮುಟ್ಟಿಸಿದ ಹಾಗೆ.

ನೀವು ಕಂಡೂ ಕಾಣದೆ ದಾಟಿದ ಜಾಗ ಇದು: ಶಾಖಕ್ಕೆ ದಿಕ್ಕಿಲ್ಲ, ಕಾಂತಕ್ಷೇತ್ರಕ್ಕಿದೆ. 2014ರ ಲೆಕ್ಕಗಳಲ್ಲಿ ಹಗ್ಗ ಕ್ಷೇತ್ರದ ಗುಂಟ ಸಡಿಲ, ಅಡ್ಡಕ್ಕೆ ಬಿಗಿ. ಇನ್ನೂ ಸೊಗಸು ಶಾಖ, ಕ್ಷೇತ್ರ ಎರಡೂ ಕೂಡಿದಾಗ. ನಿರ್ವಾತದಲ್ಲೇ ಕ್ವಾರ್ಕ್ ಜೋಡಿಗಳು ಹೆಪ್ಪುಗಟ್ಟಿರುತ್ತವೆ. ತಣ್ಣಗಿರುವಾಗ ಕ್ಷೇತ್ರ ಹೆಚ್ಚಿದಷ್ಟೂ ಹೆಪ್ಪು ಗಟ್ಟಿ. ಹಾಗಾದರೆ ಕರಗಿಸಲು ಹೆಚ್ಚು ಕಾವು ಬೇಕಲ್ಲ? ಬಹುಪಾಲು ಜನ ಹಾಗೇ ಎಣಿಸಿದ್ದರು. 2012ರ ಸುಮಾರಿಗೆ ಬಂದ ಲೆಕ್ಕ ತಲೆಕೆಳಗು: ಕರಗುವ ಕಾವಿನ ಹತ್ತಿರ ಅದೇ ಕ್ಷೇತ್ರ ಹೆಪ್ಪನ್ನು ಒಡೆಯುತ್ತದೆ, ಕರಗುವ ಉಷ್ಣತೆ ಇಳಿಯುತ್ತದೆ. ಇದನ್ನು ಹತ್ತನೇ ಪುಟದ ಆವರಣದಲ್ಲಿ ಒಂದು ಸಾಲಿಗೆ ಮುಗಿಸಿದ್ದೀರಿ. ನನ್ನ ಪ್ರಕಾರ ಲೇಖನವೇ ಅದು.

ಇಂಥ ಕ್ಷೇತ್ರ ಎಲ್ಲಿದೆ ಅಂತ ಓದುಗ ಕೇಳುತ್ತಾನೆ. ಭಾರದ ಪರಮಾಣು ಬೀಜಗಳು ನೇರ ಗುದ್ದದೆ ಒಂದನ್ನೊಂದು ಸವರಿ ಹೋಗುವಾಗ, 1ರ ಮುಂದೆ 18 ಸೊನ್ನೆಯಷ್ಟು ಗಾಸ್ (ಕಾಂತಕ್ಷೇತ್ರದ ಅಳತೆ). ಫ್ರಿಜ್ ಬಾಗಿಲ ಕಾಂತದ್ದು ನೂರರ ಆಸುಪಾಸು. ಸಾರಿನೊಳಗೆ ಅದು ಎಷ್ಟು ಹೊತ್ತು ಉಳಿಯುತ್ತದೆಂಬ ವಾದ ನಡೆದೇ ಇದೆ, ಬಚ್ಚಿಡಬೇಡಿ.

ಕೊನೆಗೆ, ಸಂಡೂರಿನ ಅದಿರು ಕಾಂತಕ್ಕೆ 'ಹಾರಿ ಅಂಟುತ್ತದೆ' ಎಂಬ ಮಾತು. ನನ್ನ ಕಿಟಕಿಯಲ್ಲಿ ನಿಮ್ಮೂರ ಅದಿರಿನ ಪುಡಿಯ ಡಬ್ಬಿ ಇದೆ. ಹಳೇ ಸ್ಪೀಕರಿನ ಕಾಂತ ಅದ್ದಿ ನೋಡಿದೆ: ಐದಾರು ಕಪ್ಪು ಹರಳು ಬಂದವು, ಕೆಂಪು ಪುಡಿ ಬಹುಪಾಲು ಅಲ್ಲೇ ಕೂತಿತು. ಅದು ಹೆಮಟೈಟ್, ಅಂಟುವುದು ಮ್ಯಾಗ್ನೆಟೈಟ್.

ಐದು ಪುಟಕ್ಕೆ ಇಳಿಸಿ ಮುಂದಿನ ತಿಂಗಳು ಹತ್ತರೊಳಗೆ ಕಳಿಸಿ. ಆ ನೀಲಿ ಹೊಗೆಯ ಚಿತ್ರ ಬೇಡ, ನಮ್ಮ ಅಚ್ಚಿನಲ್ಲಿ ಮಸಿ ಚೆಲ್ಲಿದ ಹಾಗೆ ಬರುತ್ತದೆ.